ನೀಲಾಳ ಸೊಂಟಕ್ಕೆ ಬಿದ್ದ ಪೆಟ್ಟು

ಮೊದಲ ಪೆಟ್ಟು ಜಗದೀಶನ ಬೆನ್ನಿಗೆ ಬಿತ್ತು. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಆಟೊದ ಚಕ್ರ ಬಿಚ್ಚುತ್ತಿದ್ದವನು ಮುಂದಕ್ಕೆ ಮುಗ್ಗರಿಸಿದ. ತಿರುಗಿ ನೋಡಿದರೆ ಹೆಂಡತಿಯ ಅಣ್ಣ ವೆಂಕಟ. ಕೈಯಲ್ಲಿ ದೋಣಿಯ ಹುಟ್ಟು.

"ಭಾವಾ, ಎಂತ ಆತು?"

"ಎಂತ ಆತು ಅಂತ ನನ್ನನ್ನೇ ಕೇಳ್ತ್ಯನಾ?"

ಎರಡನೆಯ ಪೆಟ್ಟು ಭುಜಕ್ಕೆ.

ವೆಂಕಟ ಹೊನ್ನಾವರದ ಬಂದರಿನಲ್ಲಿ ಬೋಟಿನ ಕೆಲಸಕ್ಕಿದ್ದವನು. ಅವನ ತಾಯಿ ದಮ್ಮಿನ ಕಾಯಿಲೆಯಿಂದ ಉಸಿರು ಸಿಗದೆ, ಅವನ ತೊಡೆಯ ಮೇಲೆಯೇ ಜೀವ ಬಿಟ್ಟಿದ್ದಳು. ತಂಗಿ ನೀಲಾಳಿಗೂ ಅದೇ ದಮ್ಮು. ಅವಳನ್ನು ಮಾವಳ್ಳಿಗೆ ಮದುವೆ ಮಾಡಿ ಕೊಟ್ಟ ಮೇಲೂ ತಿಂಗಳಿಗೊಮ್ಮೆ ಬಸ್ಸು ಹತ್ತಿ ಬಂದು ನೋಡಿಕೊಂಡು ಹೋಗುತ್ತಿದ್ದ. ಎರಡು ವರ್ಷಗಳಿಂದ ಅವಳ ದಮ್ಮು ಅಡಗಿತ್ತು. ತಂಗಿ ತಾಯಿಯ ಹಾಗೆ ಸಾಯುವುದಿಲ್ಲ ಎಂಬ ನೆಮ್ಮದಿ ಅವನಿಗೆ.

ಆದರೆ ಬೇರೇನೋ ಕಾಣಿಸತೊಡಗಿತು. ಮೊದಲು ಅವಳ ಮುಖ ಊದಿತು. ಆಮೇಲೆ ತೋಳುಗಳ ಮೇಲೆ ನೀಲಿಗಟ್ಟಿದ ಕಲೆಗಳು. ಕಳೆದ ಮಳೆಗಾಲದಿಂದ ಕುಂಟು ನಡಿಗೆ. ನಾಲ್ಕು ಹೆಜ್ಜೆಗೊಮ್ಮೆ ಗೋಡೆ ಹಿಡಿಯುತ್ತಿದ್ದಳು.

"ಯಾರು ಹೊಡ್ದದ್ದೇ?" ಎಂದು ಅವನು ಕೇಳಿದ್ದ.

"ಯಾರೂ ಇಲ್ಲ ಅಣ್ಣ. ಅದು ತನ್ನಷ್ಟಕ್ಕೇ ಕಪ್ಪಾಗ್ತದೆ."

ಹೇಳುವಾಗ ಅವಳು ಅವನ ಮುಖ ನೋಡಿರಲಿಲ್ಲ. ಗಂಡನ ಕೈಯಲ್ಲಿ ಪೆಟ್ಟು ತಿಂದವರು ಹೀಗೇ ಹೇಳುತ್ತಾರೆ ಎಂದು ವೆಂಕಟನಿಗೆ ಗೊತ್ತಿತ್ತು.

ಈ ದಿನ ಬೆಳಿಗ್ಗೆ ನೀಲಾಳ ಪಕ್ಕದ ಮನೆಯ ಸುಚಿತಾ ಫೋನ್ ಮಾಡಿದ್ದಳು. "ವೆಂಕಟಣ್ಣ, ಮತ್ತೆ ಗಲಾಟೆ. 'ನೀ ಹೀಂಗೇ ಮಾಡಿದ್ರೆ ಸಾಯ್ತೆ, ಒಂದಿನ ಸತ್ತೇ ಹೋಗ್ತೆ' ಅಂತ ಅಂವ ಕೂಗ್ತಿದ್ದ. ನೀಲಾ ಅಳ್ತಾ ಇತ್ತು."

ವೆಂಕಟ ಐಸು ತುಂಬುವುದನ್ನು ಅರ್ಧಕ್ಕೇ ಬಿಟ್ಟ. ಮೀನಿನ ಟೆಂಪೊ ಒಂದರ ಹಿಂದೆ ಹತ್ತಿದ. ಹುಟ್ಟನ್ನೂ ಹತ್ತಿಸಿಕೊಂಡ.

ಮೂರನೆಯ ಪೆಟ್ಟಿಗೆ ಜಗದೀಶ ಅಂಗಾತ ಬಿದ್ದ. ಬಾಯಿಂದ ರಕ್ತ ಬಂತು.

"ನಾ ಅದರ ಮೈ ಮುಟ್ಟಲಿಲ್ಲ ಭಾವ, ದೇವರಾಣೆ. ನಾ ಕೂಗಿದ್ದು ಎಂತಕ್ಕೆ ಅಂದ್ರೆ, ಅದು ನಿಂದೇ…"

ಮಾತು ಮುಗಿಯಲು ವೆಂಕಟ ಬಿಡಲಿಲ್ಲ. ನೀಲಾ ಕುಂಟುವುದು ಕಣ್ಣ ಮುಂದೆ ಬಂದಿತ್ತು. ಹುಟ್ಟನ್ನು ತಲೆಯ ಮೇಲಕ್ಕೆತ್ತಿ, ಬೇಕೆಂದೇ ಸೊಂಟದ ಕೀಲು ನೋಡಿ ಇಳಿಸಿದ. ಎಲುಬು ಲಟಕ್ಕೆಂದದ್ದು ಬೇಲಿಯಾಚೆಗೂ ಕೇಳಿತು.

ಒಳಗಿಂದ ನೀಲಾ ಓಡಿಬಂದಳು. ಓಡಲಾಗದೆ ಮೆಟ್ಟಿಲಲ್ಲಿ ಬಿದ್ದಳು. ತೆವಳಿಕೊಂಡೇ ಹೋಗಿ ಗಂಡನ ಮೇಲೆ ಅಡ್ಡ ಬಿದ್ದಳು.

"ಬಿಡೋ ಅಣ್ಣ! ನಿಂಗೆ ಕೈ ಮುಗಿತೆ, ಬಿಡು!"

ಅಕ್ಕಪಕ್ಕದವರು ಸೇರಿ ಹುಟ್ಟು ಕಸಿದುಕೊಂಡರು. ಆಂಬುಲೆನ್ಸ್ ಬಂತು. ನೀಲಾ ಗಂಡನ ಜೊತೆ ಹತ್ತಿದಳು. ಅವಳನ್ನು ಒಬ್ಬಳೇ ಕಳಿಸಲು ಮನಸ್ಸಾಗದೆ ವೆಂಕಟನೂ ಹತ್ತಿದ. ಪೊಲೀಸರ ಹೆದರಿಕೆ ಅವನಿಗಿರಲಿಲ್ಲ. ಕುಮಟಾ ಮುಟ್ಟುವವರೆಗೂ ಜಗದೀಶ ನರಳಿದ, ನೀಲಾ ಅವನ ಹಣೆಯ ಬೆವರು ಒರೆಸಿದಳು. ವೆಂಕಟ ಕಿಟಕಿಯಾಚೆ ನೋಡುತ್ತ ಕೂತ.

ಕುಮಟಾದ ಖಾಸಗಿ ಆಸ್ಪತ್ರೆಯೊಂದರಲ್ಲಿ ಎಲುಬಿನ ಡಾಕ್ಟರ್ ಶಾಂಭವಿ ಜಗದೀಶನ ಎಕ್ಸ್‌ರೇ ನೋಡಿದರು.

"ತೊಡೆಯ ಎಲುಬಿನ ಕತ್ತು ಮುರಿದಿದೆ. ಮೇಲಿನ ಉರುಟು ತುದಿಗೆ ರಕ್ತ ಹೋಗುವುದು ಆ ಕತ್ತಿನ ಮೂಲಕವೇ. ನಾಳಗಳು ಹರಿದಿದ್ದರೆ ಎಲುಬು ಅಲ್ಲೇ ಸಾಯ್ತದೆ. ಇವತ್ತೇ ಆಪರೇಷನ್ ಮಾಡ್ತೇವೆ. ಆದರೂ ಉಳೀತದೆ ಅಂತ ಮಾತು ಕೊಡಲಾರೆ."

"ಅಂವಂದು ಇರ್ಲಿ ಮೇಡಂ," ಎಂದ ವೆಂಕಟ. "ನನ್ನ ತಂಗಿದೂ ಒಂದು ಫೋಟೊ ತೆಗೀರಿ. ಅಂವ ಮಾಡಿದ್ದೂ ನಾಲ್ಕು ಜನಕ್ಕೆ ಗೊತ್ತಾಗ್ಲಿ."

ನೀಲಾ ಬೇಡವೆಂದಳು. ಅವಳ ನಡಿಗೆಯನ್ನು ಡಾಕ್ಟರ್ ಆಗಲೇ ಗಮನಿಸಿದ್ದರು, ಒಳಗೆ ಕರೆದೊಯ್ದರು.

ಅವಳ ಎಕ್ಸ್‌ರೇಯನ್ನು ಅವರು ಹೆಚ್ಚು ಹೊತ್ತು ನೋಡಿದರು. ಊದಿದ ಮುಖ ನೋಡಿದರು. ತೋಳಿನ ಕಲೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಅಣ್ಣ, ನೀ ಹೊರಗೆ ಹೋಗು," ಎಂದಳು ನೀಲಾ.

"ನಾ ಹೋಗೂದಿಲ್ಲ. ಹೆದರಬೇಡ, ಎಲ್ಲ ಹೇಳು."

"ಇದು ಪೆಟ್ಟಿನಿಂದ ಆದದ್ದಲ್ಲ," ಎಂದರು ಡಾಕ್ಟರ್. "ಸೊಂಟದ ಎರಡೂ ಕಡೆಯ ಕೀಲಿನಲ್ಲಿ ಎಲುಬು ಸತ್ತಿದೆ. ಕುಡಿಯುವವರಿಗೆ ಹೀಗಾಗ್ತದೆ. ಇಲ್ಲವೇ ಹೆಚ್ಚು ದಿನ ಸ್ಟಿರಾಯ್ಡ್ ತಿಂದವರಿಗೆ. ಮುಖ ಊದುವುದು, ಮುಟ್ಟಿದರೆ ಮೈ ಕಪ್ಪಾಗುವುದು, ಎಲ್ಲ ಅದರದ್ದೇ. ಏನಮ್ಮಾ ತಿಂತಿದ್ದೆ?"

ನೀಲಾ ತಲೆ ತಗ್ಗಿಸಿದಳು. "ದಮ್ಮಿನ ಪುಡಿ. ಭಟ್ಕಳದ ಕಡೆ ಒಬ್ಬ ಪಂಡಿತ ಕೊಡ್ತ. ಇವ್ರು ಬೇಡ ಬೇಡ ಅಂತ್ಲೇ ಇದ್ರು. ಇವತ್ತೂ ಅದಕ್ಕೇ ಜಗಳ ಆದದ್ದು. ಬಿಟ್ರೆ ಉಸಿರು ಕಟ್ತದೆ ಅಂತ ನಾನೇ ಕದ್ದು ತಿಂತಿದ್ದೆ."

"ಅದರಲ್ಲಿ ಸ್ಟಿರಾಯ್ಡ್ ಬೆರೆಸಿರಬೇಕು. ಒಮ್ಮೆಲೇ ಬಿಡಬೇಡ, ನಾನು ಹೇಳಿದ ಹಾಗೆ ಕಡಿಮೆ ಮಾಡು." ಡಾಕ್ಟರ್ ದನಿ ಗಡುಸಾಯಿತು. "ಗಂಡ ಬೇಡ ಅಂದರೂ ತಂದು ಕೊಡ್ತಿದ್ದದ್ದು ಯಾರು?"

"ಪ್ಯಾಟೇಲಿ ಯಾರೋ," ಎಂದಳು ನೀಲಾ. "ಹೆಸರು ನೆನಪಿಲ್ಲ."

ವೆಂಕಟ ಗೋಡೆಗೆ ಕೈ ಕೊಟ್ಟ.

"ನಾನು ಮೇಡಂ," ಎಂದ. "ತಿಂಗ್ಳು ತಿಂಗ್ಳು ನಾನೇ ತಂದ್ಕೊಡ್ತಿದ್ದೆ."