ಕೊನೆಯ ನೀರಿನ ಮೆಟ್ಟಿಲು

ಬರ್ಮಿಂಗ್‌ಹ್ಯಾಮ್ ದಾಟಿದ ಮೇಲೆ ಕಾಲುವೆ ಮೆಟ್ಟಿಲು ಮೆಟ್ಟಿಲಾಗಿ ಮೋಡದ ಮೇಲಕ್ಕೆ ಏರುತ್ತದೆ. ಪ್ರತಿ ಮೆಟ್ಟಿಲಲ್ಲೂ ಗೇಟು ಮುಚ್ಚಿ ನೀರು ತುಂಬಿಸಿದರೆ ದೋಣಿ ಮೇಲೇಳುತ್ತದೆ. ಮೇಲಿಂದ ಭೂಮಿ ನೋಡಲು ರಜೆಯಲ್ಲಿ ಜನ ಬುತ್ತಿ ಕಟ್ಟಿಕೊಂಡು ಹೋಗಿಬರುತ್ತಾರೆ. ಚಳಿಗಾಲದೊಳಗೆ ಇಂದುಮತಿಯ ಕಣ್ಣು ಪೂರ್ತಿ ಮಂಜಾಗುತ್ತದೆಂದು ಡಾಕ್ಟರು ಹೇಳಿದ್ದರಿಂದ ಪ್ರಲ್ಹಾದ ಹೆಂಡತಿಯನ್ನು ಇವತ್ತೇ ಹೊರಡಿಸಿದ್ದ.

ಮಧ್ಯಾಹ್ನ ಕೊನೆಯ ಮೆಟ್ಟಿಲಲ್ಲಿ ಅವನು ಸೊಂಟ ತಡವಿಕೊಂಡ. ಪ್ರತಿ ಗೇಟಿಗೂ ಸಿಕ್ಕಿಸಿ ತಿರುಗಿಸಿ ನೀರು ಬಿಡುವ ಕಬ್ಬಿಣದ ಹಿಡಿಕೆ ಅಲ್ಲಿರಲಿಲ್ಲ.

“ಕೆಳಗಿನ ಗೇಟಿನ ಕಟ್ಟೀ ಮ್ಯಾಲ ಬಿಟ್ಟು ಬಂದೆ,” ಎಂದ, ಮುಖ ಸಣ್ಣದು ಮಾಡಿಕೊಂಡು.

“ಛತ್ರಿ ಆತು, ಮಫ್ಲರ್ ಆತು, ಈಗ ಇದು. ನನ್ನ ಎಲ್ಲೂ ಬಿಟ್ಟಿಲ್ಲಲ್ಲ, ಪುಣ್ಯಾ,” ಎಂದಳು ಇಂದುಮತಿ.

ದೋಣಿ ತಿರುಗಿಸುವಷ್ಟು ಅಗಲವಿರಲಿಲ್ಲ, ಮೋಡದ ನಡುವೆ ನಡೆದು ಇಳಿಯಲು ದಾರಿಯೂ ಇರಲಿಲ್ಲ. ಚಹಾ ಕುಡಿಯುತ್ತ ಕಾದರು. ಸಂಜೆ ಮೇಲಿನಿಂದ ಇಳಿದು ಬಂದ ದೋಣಿಯ ಮುದುಕಿ ತನ್ನ ಹಿಡಿಕೆಯನ್ನೇ ಕೊಟ್ಟಳು. ನಿಮ್ಮದನ್ನು ಕೆಳಗೆ ನಾನು ತೆಗೆದುಕೊಳ್ಳುತ್ತೇನೆ, ಇಲ್ಲಿ ಎಲ್ಲರೂ ಹೀಗೇ ಎಂದು ನಕ್ಕಳು.

ನೀರು ಏರಿತು, ಗೇಟು ತೆರೆಯಿತು. ಕೆಳಗೆ ಭೂಮಿ ದುಂಡಗೆ ಬಾಗಿತ್ತು. ಅದರ ಮೇಲೆ ಕತ್ತಲು ನಿಧಾನವಾಗಿ ಸರಿದು ಬರುತ್ತಿತ್ತು. ಅದು ಮುಟ್ಟಿದಲ್ಲೆಲ್ಲ ಊರೂರೇ ದೀಪ ಹಚ್ಚಿಕೊಳ್ಳುತ್ತಿದ್ದವು.

ಇಂದುಮತಿ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡಳು.

“ಮಧ್ಯಾಹ್ನನ ಮ್ಯಾಲ ಬಂದಿದ್ರ ಇದು ಕಾಣ್ತಿರಲಿಲ್ರೀ,” ಎಂದಳು. “ಮರತದ್ದು ಭಾಳ ಛಲೋ ಆತು.”