ಚಪ್ಪಾಳೆಗೆ ತಲೆಬಾಗಿದವರು

ಕರೆಗಂಟೆಯ ಮೇಲಿಟ್ಟ ಬೆರಳನ್ನು ಅವಾತಿಫ್ ಒತ್ತದೆ ಹಿಂದಕ್ಕೆ ತೆಗೆದಳು. ಇನ್ನೂ ಮೆಟ್ಟಿಲಿಳಿದು ಹೋಗಿಬಿಡಬಹುದಿತ್ತು. ಅಷ್ಟರಲ್ಲಿ ಬಾಗಿಲು ತೆರೆಯಿತು.

"ಬಾಲ್ಕನಿಯಿಂದ ನೋಡ್ತಾನೇ ಇದ್ದೆ, ಉಮ್ಮ್ ರಬಾಬ್," ಎಂದರು ಡಾಕ್ಟರ್ ಶೌಕತರ ಹೆಂಡತಿ ಶಹೀರಾ. "ಬಂದ್ರಲ್ಲ, ಅಷ್ಟು ಸಾಕು."

ಉಮ್ಮ್ ರಬಾಬ್. ರಬಾಬಳ ತಾಯಿ. ಮಗಳು ತೀರಿಹೋಗಿ ಎರಡು ವರ್ಷವಾದರೂ ಅಲೆಕ್ಸಾಂಡ್ರಿಯಾದಲ್ಲಿ ಅವಾತಿಫಳನ್ನು ಯಾರೂ ಬೇರೆ ಹೆಸರಿನಿಂದ ಕರೆಯುತ್ತಿರಲಿಲ್ಲ.

ಶಹೀರಾ ಅವಳನ್ನು ನಡುಮನೆಯಲ್ಲೇ ನಿಲ್ಲಿಸಿ ಪಿಸುಗುಟ್ಟಿದರು. "ನಾಳಿದ್ದು ಇವರಿಗೆ ಹೃದಯದ ಆಪರೇಷನ್. ಜೀವಮಾನವೆಲ್ಲ ಊರವರ ಎದೆ ಕೊಯ್ದ ಮನುಷ್ಯ, ಈಗ ತಾನು ಮಲಗೋಕೆ ಒಲ್ಲೆ ಅಂತ ಕೂತಿದ್ದಾರೆ. ನೀವು ಕ್ಷಮಿಸದೆ ಮೇಜು ಹತ್ತೋದಿಲ್ಲವಂತೆ. ಮಕ್ಕಳಿಗಿಂತ ಕಡೆ!"

ಮಗಳ ಸಂತಾಪಕ್ಕೆ ಬೀದಿಯಲ್ಲಿ ಹಾಕಿದ್ದ ಶಾಮಿಯಾನ ಅವಾತಿಫಳ ಕಣ್ಣಿಗೆ ಕಟ್ಟಿತು. ಅಲ್ಲಿ ಗಂಡಸರು ಮಾತ್ರ ಕೂತಿದ್ದರು. ಡಾಕ್ಟರ್ ಶೌಕತ್ ಕಾಫಿಯ ಬಟ್ಟಲನ್ನು ತುಟಿಗೆ ತಂದಿದ್ದರು. ಹೆಂಗಸರ ಮಧ್ಯದಿಂದೆದ್ದ ಅವಳು ಮನೆಯಿಂದ ಹೊರಗೆ ನುಗ್ಗಿ ಆ ಬಟ್ಟಲನ್ನು ಕಿತ್ತುಕೊಂಡಿದ್ದಳು.

"ಈ ಮನೆ ಕಾಫಿ ನಿಮಗಿಲ್ಲ. ನನ್ನ ಮಗಳನ್ನ ತಿಂದದ್ದು ನಿಮ್ಮ ಮಾತು!"

ಕುರಾನ್ ಓದುತ್ತಿದ್ದವರು ಕೂಡ ನಿಲ್ಲಿಸಿದ್ದರು. ಡಾಕ್ಟರ್ ಎದ್ದು ಹೋಗಿದ್ದರು. ಅಂದಿನಿಂದ ಅವರು ಮನೆ ಬಿಟ್ಟು ಹೊರಬಂದದ್ದನ್ನು ಕಂಡವರು ಕಡಿಮೆ.

ಆ ಮಾತು ರಬಾಬಳ ಪದವಿ ಪ್ರದಾನದ ದಿನದ್ದು. ಅವಾತಿಫ್ ನರ್ಸಿಂಗ್ ಕಾಲೇಜಿನ ಕಚೇರಿಯಲ್ಲಿ ಕೂದಲು ನೆರೆಸಿಕೊಂಡವಳು. ಸಮಾರಂಭದ ಹೂವು, ಕುರ್ಚಿ, ಅತಿಥಿಯ ನೀರಿನ ಲೋಟ, ಎಲ್ಲ ಅವಳ ಉಸ್ತುವಾರಿ. ಬಂದುಹೋದ ಭಾಷಣಕಾರರೆಲ್ಲ ಅವಳಿಗೆ ನೆನಪಿದ್ದರು. ಕರೆಂಟು ಹೋದೊಡನೆ ಮಾತೂ ನಿಂತುಹೋದ ಬ್ಯಾಂಕಿನ ಯಜಮಾನ. ತನ್ನ ಮಾತಿಗೆ ತಾನೇ ಬೆರಗಾದಂತೆ ಹುಬ್ಬೇರಿಸಿದ ಟೀವಿ ನಟಿ. ಅವರು ಹೇಳಿದ್ದು ಹುಡುಗಿಯರಿಗೆ ಗೇಟು ದಾಟುವವರೆಗೂ ನೆನಪಿರುತ್ತಿರಲಿಲ್ಲ.

ಡಾಕ್ಟರ್ ಶೌಕತ್ ಹೇಳಿದ್ದು ಹಾಗಾಗಲಿಲ್ಲ.

"ನಿಮ್ಮ ತಾಯಂದಿರ ಭಯ ನಿಮಗೆ ಬಂದ ಆಸ್ತಿಯಲ್ಲ," ಎಂದು ಕನ್ನಡಕ ಸರಿಪಡಿಸಿಕೊಂಡು ಹೇಳಿದ್ದರು. "ಅದನ್ನು ಅವರ ಮಡಿಲಲ್ಲೇ ಬಿಟ್ಟು ಹೊರಡಿ."

ಸಭೆಯಲ್ಲಿ ಚಪ್ಪಾಳೆ, ತಾಯಂದಿರ ಸಂಭ್ರಮದ ಉಲುಲು ಕೂಗು. ವೇದಿಕೆಯ ಪಕ್ಕದಲ್ಲಿ ನಿಂತಿದ್ದ ಅವಾತಿಫಳ ತುಟಿ ಅಲುಗುತ್ತಿತ್ತು. "ಮಗಳಿಗೆ ದುವಾ ಹೇಳ್ತಿದೀಯಾ?" ಎಂದು ಜೊತೆಯವಳು ತಿವಿದಿದ್ದಳು.

ರಬಾಬ್ ಗೌನು ಕಳಚುವ ಮೊದಲೇ ಸುದ್ದಿ ಹೇಳಿದಳು. "ಯೆಮನ್‌ಗೆ ಹೋಗ್ತೀನಮ್ಮ. ಕಾಲರಾ ಶಿಬಿರಕ್ಕೆ ನರ್ಸ್‌ಗಳು ಬೇಕಂತೆ."

"ನಾನು ಸತ್ತ ಮೇಲೆ ಹೋಗು."

"ಡಾಕ್ಟರ್ ಹೇಳಿದ್ದು ಕೇಳಿಸ್ಲಿಲ್ವಾ ನಿನಗೆ?"

"ವೇದಿಕೆ ಹತ್ತಿದವರು ಏನು ಬೇಕಾದ್ರೂ ಹೇಳ್ತಾರೆ. ಸ್ವಂತ ಮಗಳಾಗಿದ್ರೆ ಕಳಿಸ್ತಿದ್ರಾ?"

ರಬಾಬ್ ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ನಿಂತಳು. "ಅಂಥ ಮಾತು ಹೇಳೋರು ಒಬ್ರು ನಮ್ಮನೇಲೂ ಇರಬಾರದಿತ್ತಾ, ಅಮ್ಮಾ."

ಹೊರಟೇಹೋದಳು. ಶಿಬಿರದ ರೋಗ ಅವಳನ್ನೂ ಬಿಡಲಿಲ್ಲ.

ಶಹೀರಾ ಅವಳನ್ನು ಒಳಕೋಣೆಗೆ ಕರೆದೊಯ್ದಾಗ ಡಾಕ್ಟರ್ ಕಿಟಕಿಯ ಬಳಿಯ ಕುರ್ಚಿಯಲ್ಲಿದ್ದರು. ಅಂಗಿಯ ಕಾಲರಿನೊಳಗೆ ಕತ್ತು ತೆಳ್ಳಗಾಗಿತ್ತು. ಏಳಲು ಹೋದರು, ಆಗಲಿಲ್ಲ.

"ಕಾಫಿಗೆ ಸಕ್ಕರೆ ಎಷ್ಟು ಹಾಕ್ಲಿ?" ಎಂದು ಶಹೀರಾ ಅಡುಗೆಮನೆಯಿಂದಲೇ ಕೂಗಿ ಕೇಳಿದರು.

"ಹಾಕ್ಬೇಡಿ."

ಅಡುಗೆಮನೆಯಲ್ಲಿ ಚಮಚದ ಸದ್ದು ನಿಂತಿತು. ಸಕ್ಕರೆಯಿಲ್ಲದ್ದು ಸಾವಿನ ಮನೆಯ ಕಾಫಿ.

"ನಾನು ಆ ಮಾತು ಆಡದೆ ಇದ್ದಿದ್ರೆ ನಿಮ್ಮ ಮಗಳು ಇವತ್ತು..." ಡಾಕ್ಟರ್ ಶುರುಮಾಡಿದರು.

"ಬೇಡ ಡಾಕ್ಟ್ರೇ. ದಮ್ಮಯ್ಯ."

"ಇಲ್ಲ ತಾಯಿ, ಹೇಳ್ಬಿಡ್ತೀನಿ. ಅವತ್ತು ಸಭೆಗೆ ಸಭೆಯೇ ಎದ್ದು ಚಪ್ಪಾಳೆ ತಟ್ತು. ತಲೆಬಾಗಿ ತಗೊಂಡೆ. ಅಷ್ಟು ತಗೊಂಡ ಮೇಲೆ ನಿಮ್ಮ ಶಾಪಾನೂ ತಲೆಬಾಗಿ ತಗೋಬೇಕಲ್ವಾ? ನನ್ನನ್ನ ಕ್ಷಮಿಸಿ."

"ನಿಮ್ಮನ್ನ ಕ್ಷಮಿಸೋಕೆ ನಾನ್ಯಾರು?"

ಮುದುಕರ ಮುಖ ಇಳಿದುಹೋಯಿತು. ತಟ್ಟೆ ಹಿಡಿದು ಬಂದ ಶಹೀರಾ ಬಾಗಿಲಲ್ಲೇ ನಿಂತರು. ಅವಾತಿಫ್ ತಾನೇ ಎದ್ದುಹೋಗಿ ಬಟ್ಟಲೆತ್ತಿ, ಸುಡುವ ಕಹಿಯನ್ನು ಗಸಿಯವರೆಗೂ ಕುಡಿದಳು. ಮನಸ್ತಾಪವಿದ್ದ ಮನೆಯಲ್ಲಿ ಯಾರೂ ಹಾಗೆ ಕುಡಿಯುವುದಿಲ್ಲ.

"ಬಾಯಲ್ಲೂ ಹೇಳಿ, ತಾಯಿ."

"ಕ್ಷಮಿಸಿದೀನಿ. ಹೋಗಿ ಮಲಗಿ ಡಾಕ್ಟ್ರೇ. ಬದುಕಿ." ಅವಳು ಬಟ್ಟಲನ್ನು ತಟ್ಟೆಗಿಟ್ಟಳು. "ಅವತ್ತು ಅಷ್ಟು ಜನರ ಮುಂದೆ ಹಾಗೆ ಅಂದ ನನ್ನನ್ನೂ ಕ್ಷಮಿಸಿ."

"ತಾಯಿ ಹೊಟ್ಟೆ ಉರಿದಾಗ ಇನ್ನೇನು ಅಂದೀತು," ಎಂದು ಅವರು ಕಣ್ಣೊರೆಸಿಕೊಂಡರು. "ಶಹೀರಾ, ಆಸ್ಪತ್ರೆಗೆ ಫೋನ್ ಮಾಡು."

ಬೀಳ್ಕೊಡಲು ಶಹೀರಾ ಮೆಟ್ಟಿಲವರೆಗೂ ಬಂದರು. ಹಗುರಾಗಿದ್ದರು, ನಗು ಬಂದಿತ್ತು.

"ಒಂದು ವಿಷಯ, ನಮ್ಮಲ್ಲೇ ಇರಲಿ. ನಮ್ಮ ಮದುವೇಲಿ ಎರಡು ಮಾತಾಡಿ ಅಂದ್ರೆ 'ಊಟ ಆರಿಹೋಗ್ತಿದೆ' ಅಂದಿದ್ದ ಗಂಡ ಇವರು. ಇವರ ಬಾಯಲ್ಲಿ ಆ ಥರ ಮಾತು ಎಲ್ಲಿಂದ ಬರ್ಬೇಕು? ಭಾಷಣ ಕಾಲೇಜಿನಿಂದಲೇ ಬಂದಿತ್ತು. ಪ್ರತಿ ಅತಿಥಿಗೂ ಅವರೇ ಬರೆದು ಕಳಿಸ್ತಾರಂತಲ್ಲ. ಇಷ್ಟು ದಿನ 'ನಿಜ ಹೇಳ್ಬಿಡ್ರೀ' ಅಂತ ಬಡ್ಕೊಂಡೆ. 'ಯಾರೋ ಪಾಪದ ಗುಮಾಸ್ತ ಒಳ್ಳೆ ಮನಸ್ಸಲ್ಲಿ ಬರೆದಿರ್ತಾನೆ, ಅವನ ತಲೆಗೆ ಯಾಕೆ ಒಂದು ಸಾವು ಕಟ್ಲಿ' ಅಂತಾರೆ." ಅವಾತಿಫಳ ಕೈ ಹಿಡಿದುಕೊಂಡರು. "ನೀವು ಅದೇ ಕಚೇರಿಯವರಲ್ವಾ? ಯಾರು ಬರೆದದ್ದು, ಗೊತ್ತಾ ನಿಮಗೆ?"

"ಇಲ್ಲ," ಎಂದು ಅವಾತಿಫ್ ಕಂಬಿ ಹಿಡಿದು ಒಂದು ಮೆಟ್ಟಿಲು ಇಳಿದಳು.

ಆ ಸಾಲು ಬರೆಯುವಾಗ ಅವಳ ಕಣ್ಣ ಮುಂದೆ ಇದ್ದದ್ದು ಬೇರೆ ತಾಯಂದಿರ ಹೆಣ್ಣುಮಕ್ಕಳು.