ಕೊಡದ ಚೆಂಡು

ಮೂರನೇ ಸಲವೂ ಕಾಗೆ ಪಿಂಡ ಮುಟ್ಟಲಿಲ್ಲ.

ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ. ಬೆಳಗ್ಗೆ ಹನ್ನೊಂದೂವರೆ. ಮೆಟ್ಟಿಲ ಮೇಲೆ ಬಾಳೆ ಎಲೆ, ಎಲೆಯಲ್ಲಿ ಮೂರು ಪಿಂಡ. ಕಾಗೆಗಳಿಗೆ ಹಸಿವಿಲ್ಲದೆ ಇರಲಿಲ್ಲ. ಪಕ್ಕದ ಕುಟುಂಬದವರು ಇಟ್ಟಿದ್ದನ್ನು ಆಗಲೇ ಖಾಲಿ ಮಾಡಿದ್ದವು. ಈ ಎಲೆಯ ಹತ್ತಿರ ಮಾತ್ರ ಬಂದು, ಕತ್ತು ಓರೆ ಮಾಡಿ ನೋಡಿ, ಮರಕ್ಕೆ ಮರಳುತ್ತಿದ್ದವು.

"ಏನೋ ಆಸೆ ಉಳ್ಕೊಂಡಿದೆ," ಎಂದರು ಪುರೋಹಿತ ಶಾಮಣ್ಣ. "ಬೇಕಾದವರು ಒಬ್ಬೊಬ್ರಾಗಿ ಬಂದು ಮಾತು ಕೊಡಿ."

"ಮಟನ್ ಇಲ್ದೆ ತುತ್ತು ಎತ್ತದವ್ನು," ಎಂದ ಸೋದರಮಾವ ಚಲುವಯ್ಯ, ಕಣ್ಣೊರೆಸಿಕೊಳ್ಳುತ್ತ. "ಸಪ್ಪೆ ಅನ್ನ ಇಕ್ಕಿದ್ರೆ ಎಂಗ್ ಮುಟ್ಟಾನು?"

ಯಾರೂ ನಗಲಿಲ್ಲ.

ಸತ್ತವನು ಚಲುವರಾಜು, ಇಪ್ಪತ್ತಾರು ವರ್ಷ. ಪಾಂಡವಪುರ ತಾಲ್ಲೂಕಿನವನು. ನಿಗಮವೊಂದರ ಬ್ಯಾಸ್ಕೆಟ್‌ಬಾಲ್ ತಂಡದ ಆಟಗಾರ. ಆಟಕ್ಕೆಂದೇ ಸಿಕ್ಕ ನೌಕರಿ. ಹನ್ನೊಂದು ದಿನದ ಹಿಂದೆ ಪಾಂಡವಪುರದ ಹತ್ತಿರ ಹಾಡಹಗಲು ಅವನ ಬೈಕು ಕಬ್ಬಿನ ಟ್ರಾಕ್ಟರಿಗೆ ಬಡಿದಿತ್ತು. ಟ್ರಾಕ್ಟರು ಎಡಗಡೆಯ ಅಡ್ಡದಾರಿಯಿಂದ ಎತ್ತಿನಷ್ಟೇ ನಿಧಾನವಾಗಿ ರಸ್ತೆಗೆ ಬರುತ್ತಿತ್ತು. ಚಲುವರಾಜು ಬ್ರೇಕ್ ಹಾಕಿದ ಗುರುತು ಟಾರಿನ ಮೇಲಿರಲಿಲ್ಲ.

ಮನಸ್ಸು ಎಲ್ಲೋ ಇತ್ತು ಎಂದು ಜನ ತೀರ್ಮಾನಿಸಿದರು. ಎಲ್ಲಿತ್ತು ಎಂಬುದರ ಬಗ್ಗೆಯೂ ಅವರಿಗೆ ಅನುಮಾನವಿರಲಿಲ್ಲ.

ಅಪಘಾತಕ್ಕೆ ನಾಲ್ಕು ದಿನ ಮೊದಲು ಫೈನಲ್ ನಡೆದಿತ್ತು. ತಂಡ ಒಂದು ಅಂಕ ಹಿಂದೆ, ಏಳು ಸೆಕೆಂಡು ಬಾಕಿ. ಚೆಂಡು ನಾಯಕ ರವೀಂದ್ರನ ಕೈಯಲ್ಲಿತ್ತು. ಬಲಮೂಲೆಯಲ್ಲಿ ಚಲುವರಾಜು ಒಬ್ಬನೇ, ಎರಡೂ ಕೈ ಚಾಚಿ ನಿಂತಿದ್ದ. ರವೀಂದ್ರ ಅವನಿಗೆ ಕೊಡಲಿಲ್ಲ. ಮೂವರ ನಡುವೆ ತಾನೇ ನುಗ್ಗಿ ಎಸೆದ. ಚೆಂಡು ರಿಂಗಿನ ಅಂಚಿಗೆ ತಾಗಿ ಹೊರಗೆ ಉರುಳಿತು. ಆ ಏಳು ಸೆಕೆಂಡಿನ ವಿಡಿಯೊ ತಾಲ್ಲೂಕಿನ ಎಲ್ಲ ಫೋನುಗಳಲ್ಲೂ ಇತ್ತು.

ಅದೊಂದೇ ಪಂದ್ಯವಾಗಿದ್ದರೆ ಮರೆಯಬಹುದಿತ್ತು. ಹಿಂದಿನ ವರ್ಷ ರವೀಂದ್ರ ಅವನಿಗೆ ಕೊಟ್ಟ ಪಾಸುಗಳು ನೂರಾ ಹನ್ನೆರಡು. ಈ ವರ್ಷ ಒಂಬತ್ತು. ಬೇರೆಯವರು ಕೊಟ್ಟ ಚೆಂಡೂ ಚಲುವರಾಜುವಿನ ಬೆರಳಿಗೆ ಸಿಕ್ಕದೆ ಜಾರತೊಡಗಿತ್ತು. ಹುಡುಗನ ಧೈರ್ಯವನ್ನೇ ಮುರಿದುಬಿಟ್ಟ ಎಂದು ತಂಡ ಮಾತಾಡಿಕೊಂಡಿತು. ರವೀಂದ್ರನ ಎದುರಿಗೇ ಮಾತಾಡಿಕೊಂಡಿತು. ಆಗ ಚಲುವರಾಜು ತಲೆ ತಗ್ಗಿಸಿ ಶೂ ಲೇಸು ಕಟ್ಟುತ್ತಿದ್ದ.

ಹನ್ನೊಂದು ದಿನದಿಂದ ರವೀಂದ್ರ ಕಣ್ಣು ಮುಚ್ಚಿದರೆ ಮೂಲೆಯಲ್ಲಿ ಎರಡು ಕೈ ಕಾಣುತ್ತಿದ್ದವು. ಆಮೇಲೆ ಟ್ರಾಕ್ಟರು. ತಾನು ತಡೆಯಬಹುದಾಗಿದ್ದ ಟ್ರಾಕ್ಟರು.

ಕೋಚ್ ದೇವರಾಜು ಎಲೆಯ ಮುಂದೆ ನಿಂತು ಕೈ ಮುಗಿದರು. "ಚಲುವ, ನಿನ್ ಏಳ್ನೇ ನಂಬರ್ ಬನೀನ ಇನ್ಯಾರ್ಗೂ ಕೊಡಕ್ಕಿಲ್ಲ ಕಣಪ್ಪ."

ಕಾಗೆ ಅಲುಗಲಿಲ್ಲ.

ಸಿದ್ದಾರ್ಥ ಬಂದ. ಚಲುವರಾಜುವಿನ ರೂಮಿನಲ್ಲೇ ಇದ್ದ ಆಟಗಾರ. "ನಿನ್ ಕೆಲ್ಸ ನಿನ್ ತಂಗಿ ಶ್ವೇತಂಗೇ ಕೊಡುಸ್ತೀವಿ ಕಣ್ಲಾ. ಕಾಗ್ದ ಆಫೀಸಲ್ಲಿ ಅದೆ, ಸೈನ್ ಒಂದ್ ಬಾಕಿ."

ಒಂದು ಕಾಗೆ ಇಳಿಯಿತು. ಎಲೆಯ ಸುತ್ತ ನಡೆಯಿತು. ಹಾರಿತು.

ಈಗ ಎಲ್ಲರೂ ರವೀಂದ್ರನತ್ತ ತಿರುಗಿದರು.

"ಒಂದ್ ಪಾಸು ಕೊಡಕ್ಕೆ ಅಳ್ತಿದ್ದೆ," ಎಂದ ಸಿದ್ದಾರ್ಥ. "ಒಂದ್ ಮಾತ್ ಕೊಡಕ್ಕೂ ಅಳ್ತೀಯೇನ್ಲಾ?"

ದೇವರಾಜು ಹತ್ತಿರ ಬಂದು ದನಿ ತಗ್ಗಿಸಿದರು. "ಎಲ್ರು ಮುಂದೆ ತಪ್ಪಾಯ್ತು ಅನ್ನು. ಯಾಕಂಗ್ ಮಾಡ್ದೆ ಅಂತ ಏಳು. ಇಲ್ಲಾಂದ್ರೆ ನಾಳೆ ನಿನ್ ಎಸ್ರು ಬುಟ್ಟು ಪಟ್ಟಿ ಕಳುಸ್ತೀನಿ. ಟೀಮಲ್ಲಿರೋ ಅತ್ತು ಜನಾನೂ ನೀನು ಬ್ಯಾಡ ಅಂತ ಬರ್ಕೊಟ್ಟವ್ರೆ."

ರವೀಂದ್ರನಿಗೆ ಇಪ್ಪತ್ತೊಂಬತ್ತು ತುಂಬಿತ್ತು. ಆ ವಯಸ್ಸಿನಲ್ಲಿ ತಂಡದಿಂದ ಹೊರಬಿದ್ದವನನ್ನು ಇನ್ನೊಂದು ತಂಡ ಕರೆಯುವುದಿಲ್ಲ. ಅವನಿಗೆ ಬೇರೆ ವಿದ್ಯೆಯೂ ಗೊತ್ತಿರಲಿಲ್ಲ.

ಚಲುವರಾಜುವಿನ ತಾಯಿ ಸೋಮಮ್ಮ ಮೆಟ್ಟಿಲಿನಿಂದ ಎದ್ದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ಕೇಳಲಾರದಂತಿತ್ತು.

"ಯಾಕ್ ಮಗ ಈಗೀಗ ಪಾಯಿಂಟೇ ಬರ್ತಿಲ್ಲ ಅಂತ ಕೇಳ್ದಾಗ್ಲೆಲ್ಲ, 'ರವಿ ನಂಗೆ ಬಾಲ್ ಕೊಡಾಕಿಲ್ಲ ಕಣವ್ವ' ಅಂತಿದ್ದ. ಯಾಕಪ್ಪ ಕೊಡ್ಲಿಲ್ಲ?"

ರವೀಂದ್ರ ಬಾಯಿ ತೆರೆದ. ಸೋಮಮ್ಮನ ಹಿಂದೆ ಶ್ವೇತ ನಿಂತಿದ್ದಳು. ಅವಳನ್ನು ನೋಡಿದ. ಬಾಯಿ ಮುಚ್ಚಿದ.

ಆಮೇಲೆ ಎಲೆಯ ಹತ್ತಿರ ಹೋಗಿ, ಎಲ್ಲರಿಗೂ ಬೆನ್ನು ಹಾಕಿ ಕುಕ್ಕರಗಾಲಲ್ಲಿ ಕೂತ. ತಲೆ ಬಾಗಿಸಿ ಏನೋ ಹೇಳಿದ. ಹೊಳೆಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಅವನಿನ್ನೂ ಏಳುವ ಮೊದಲೇ ಕಾಗೆ ಬಂದು ಅವನ ಮೊಣಕಾಲಿನ ಪಕ್ಕದಲ್ಲಿ ಇಳಿಯಿತು. ನಡುವಿನ ಪಿಂಡಕ್ಕೆ ಕೊಕ್ಕು ಹಾಕಿತು. ಹಿಂದೆಯೇ ಇನ್ನೊಂದು. ಮತ್ತೊಂದು.

ಸೋಮಮ್ಮ ಎರಡೂ ಕೈ ತಲೆಯ ಮೇಲೆತ್ತಿ ಮುಗಿದಳು. ಶಾಮಣ್ಣ ನಿಟ್ಟುಸಿರು ಬಿಟ್ಟರು.

"ಕೊನ್ಗೂ ತಪ್ಪು ಒಪ್ಕಂಡ," ಎಂದ ಸಿದ್ದಾರ್ಥ.

"ಏನಂದೆ? ನಮ್ಗೂ ಕೇಳಂಗೆ ಏಳು," ಎಂದರು ದೇವರಾಜು.

"ಅವ್ನಿಗ್ ಏಳಾಯ್ತು. ಸಾಕು ಬುಡಿ ಸಾರ್."

"ಅಂಗಾದ್ರೆ ನಾಳೆ ಪಟ್ಟಿ ಕಳುಸ್ತೀನಿ."

"ಕಳ್ಸಿ ಸಾರ್," ಎಂದ ರವೀಂದ್ರ, ಮೆಟ್ಟಿಲು ಹತ್ತುತ್ತ.

ಎಲೆಯ ಮುಂದೆ ಅವನು ಹೇಳಿದ್ದು ಇಷ್ಟೇ: "ನಿನ್ ಎಡಗಣ್ಣು ಪೂರ್ತಿ ಓಗಿತ್ತು ಅಂತ, 'ಗೊತ್ತಾದ್ರೆ ಕೆಲ್ಸ ಓಯ್ತದೆ, ನಾನ್ ಕೈ ಚಾಚುದ್ರೂ ನಂಗೆ ಬಾಲ್ ಕೊಡ್ಬೇಡ ಕಣ್ಲಾ' ಅಂತ ನೀನೇ ಕೈ ಮುಗ್ದಿದ್ದೆ ಅಂತ, ಈಗ್ಲೂ ಯಾರ್ಗೂ ಏಳಕ್ಕಿಲ್ಲ, ಶ್ವೇತಂಗೆ ಆ ಕೆಲ್ಸ ಆಗ್ಲಿ, ನೀನು ತಿನ್ಲಾ."